ಮುಚ್ಚಳದ ಹಿಂದಿನ ಐದು ಸಾಲು

ಮುರಿದದ್ದನ್ನು ಎಸೆಯುವುದು ಶಾಂತಕುಮಾರಿಯ ಜಾಯಮಾನದಲ್ಲೇ ಇರಲಿಲ್ಲ. ಹಿಡಿಕೆ ಹೋದ ಸೌಟಿಗೆ ಹಿಡಿಕೆ, ಕಿವಿ ಹರಿದ ಚೀಲಕ್ಕೆ ಹೊಲಿಗೆ, ಉಂಗುಟ ಕಿತ್ತ ಚಪ್ಪಲಿಗೆ ಪಿನ್ನು. ನಿಟುವಳ್ಳಿಯ ಆ ಓಣಿಯಲ್ಲಿ ಯಾರ ಮನೆಯಲ್ಲಿ ಏನು ಕಿತ್ತುಹೋದರೂ "ಶಾಂತಕ್ಕನ ಕೈಗೆ ಕೊಡ್ರಿ, ಜೋಡಿಸಿ ಕೊಡ್ತಾಳೆ" ಎನ್ನುತ್ತಿದ್ದರು. ಆಕೆ ಸೆರಗು ಸರಿಮಾಡಿಕೊಂಡು "ಅದ್ರಾಗೇನೈತೆ ಬಿಡ್ರಿ" ಅಂದರೂ ಒಳಗೊಳಗೇ ಹಿಗ್ಗುತ್ತಿದ್ದಳು. ಹಿಗ್ಗಲಿ, ಯಾರು ಬ್ಯಾಡ ಅಂತಾರೆ? ಆದರೆ ಆ ಹಿಗ್ಗು ಒಬ್ಬ ಮನುಷ್ಯನ ಬದುಕನ್ನು ಸುಟ್ಟಿದೆ ಅಂತ ಆಕೆಗೆ ಗೊತ್ತಾದದ್ದು ಐವತ್ತೊಂಬತ್ತನೇ ವಯಸ್ಸಿನಲ್ಲಿ, ಅದೂ ಮೊಮ್ಮಗಳ ಹತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕದಿಂದ.

ಪರೀಕ್ಷೆಗೆ ಇನ್ನು ಹತ್ತು ದಿನವಿತ್ತು. ಮನೆಯ ಹಿತ್ತಿಲೇ ಈಗ ಶಾಂತಕುಮಾರಿಯ ಕಾರ್ಖಾನೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಅಗಸಿ ಚಟ್ನಿಪುಡಿ ಮಾಡಿ ಊರ ಅಂಗಡಿಗಳಿಗೆಲ್ಲ ಕೊಡುತ್ತಿದ್ದಳು. ಹುರಿಯುವ ಕೆಲಸದ ಕರಿಯವ್ವ ಐದು ಗಂಟೆಯ ಬಸ್ಸಿಗೆ ಮಾಯಕೊಂಡಕ್ಕೆ ಹೊರಟುಹೋಗಿದ್ದಳು. ಮೊಮ್ಮಗಳು ಅಂಕಿತಾ ಶೇಂಗಾ ಡ್ರಮ್ಮಿನ ಪಕ್ಕ ಚಾಪೆ ಹಾಸಿಕೊಂಡು ಕೂತು, ಪುಸ್ತಕವನ್ನು ಅಜ್ಜಿಯ ಕೈಗೆ ತುರುಕಿದಳು.

"ಅಜ್ಜಿ, ನೀನು ಪ್ರಶ್ನೆ ಓದು, ನಾನು ಉತ್ತರ ಹೇಳ್ತೀನಿ. ತಪ್ಪಿದ್ರೆ ಬಯ್ಯಿ."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಶಾಂತಕುಮಾರಿ. ಕನ್ನಡಕ ಏರಿಸಿ, ಸಾಲಿಗೆ ಬೆರಳಿಟ್ಟುಕೊಂಡು ಓದಿದಳು: "ಒಂದು ವಿದ್ಯುತ್ ಒಲೆಯ ಕಾಯಿಲನ್ನು ಅರ್ಧಕ್ಕೆ ಕತ್ತರಿಸಿ, ಒಂದು ಅರ್ಧವನ್ನು ಮಾತ್ರ ಅದೇ ವೋಲ್ಟೇಜಿಗೆ ಜೋಡಿಸಿದರೆ ಒಲೆಯ ಸಾಮರ್ಥ್ಯ ಏನಾಗುತ್ತದೆ?" ಓದಿ ಮುಗಿಸಿ ತಾನೇ ನಕ್ಕಳು. "ಇದನ್ನೂ ಒಂದು ಪ್ರಶ್ನೆ ಅಂತ ಕೇಳ್ತಾರಲ್ಲ! ಅರ್ಧ ಆಗ್ತೈತೆ."

"ಡಬಲ್ ಆಗ್ತೈತೆ ಅಜ್ಜಿ."

"ನಿನ್ನ ತಲೆ! ಅರ್ಧ ಕಟ್ಟಿಗೆ ಇಟ್ರೆ ಒಲೆ ಡಬಲ್ ಉರೀತೈತೇನೆ?"

"ಕಟ್ಟಿಗೆ ಲೆಕ್ಕ ಬ್ಯಾರೆ, ತಂತಿ ಲೆಕ್ಕ ಬ್ಯಾರೆ. ತಂತಿ ಕರೆಂಟನ್ನ ತಡೀತೈತೆ, ಅದಕ್ಕೆ ರೋಧ ಅಂತಾರೆ. ತಂತಿ ಗಿಡ್ಡ ಆದ್ರೆ ತಡೆಯೋದು ಕಮ್ಮಿ, ಕರೆಂಟು ಜಾಸ್ತಿ ನುಗ್ತೈತೆ. ಜಾಸ್ತಿ ನುಗ್ಗಿದ್ರೆ ಜಾಸ್ತಿ ಕಾಯ್ತೈತೆ. ವೋಲ್ಟನ್ನ ಆಂಪ್ಸಿನಿಂದ ಭಾಗಿಸಿದ್ರೆ ರೋಧ, ಗುಣಿಸಿದ್ರೆ ಸಾಮರ್ಥ್ಯ. ಅಷ್ಟೇ ಪಾಠ, ಮುಗೀತು."

ಶಾಂತಕುಮಾರಿಯ ನಗು ಅರ್ಧಕ್ಕೇ ನಿಂತಿತು. ಗಿಡ್ಡ ಆದಷ್ಟೂ ಜಾಸ್ತಿ ಕಾಯುತ್ತದೆ ಅನ್ನುವ ಮಾತು ಎಲ್ಲೋ ಚುಚ್ಚಿತು. ಎಲ್ಲಿ ಅಂತ ತಕ್ಷಣಕ್ಕೆ ಹೊಳೆಯಲಿಲ್ಲ.

ಅಂಕಿತಾ ಬಾಯಾಡಿಸಲು ಒಂದು ಹಿಡಿ ಶೇಂಗಾ ಬೇಕು ಅಂತ ಎದ್ದು ಡ್ರಮ್ಮಿನ ಮುಚ್ಚಳ ಎತ್ತಿದಳು. ಡ್ರಮ್ಮಿನ ಸ್ವಂತ ಮುಚ್ಚಳವಲ್ಲ ಅದು. ಒಂದು ಅಂಚು ಸುಟ್ಟು ಕಪ್ಪಾಗಿದ್ದ ಚೌಕಾಕಾರದ ಹಲಗೆ. ಹುಡುಗಿ ಅದನ್ನು ಬೋರಲು ಹಾಕಿ ಇಡಲು ಹೋಗಿ ಕೂಗಿಕೊಂಡಳು.

"ಅಜ್ಜಿ! ಇಲ್ನೋಡು, ನಮ್ಮ ಪಾಠಾನೇ ಇಲ್ಲೈತೆ!"

ಹಲಗೆಯ ಒಳಮೈಯಲ್ಲಿ ಪೆನ್ಸಿಲಿನ ಐದು ಸಾಲುಗಳಿದ್ದವು. ಫೆಬ್ರವರಿ, 230 ವೋ, 8.7 ಆಂ. ಮಾರ್ಚ್, 228, 9.3. ಏಪ್ರಿಲ್, 226, 10.5. ಮೇ, 225, 11.7. ಜೂನ್, 222, 13.2. ಸುಟ್ಟ ಸ್ವಿಚ್ ಬೋರ್ಡಿನಿಂದ ಉಳಿಸಿಕೊಂಡ ಈ ಮುಚ್ಚಳವನ್ನು ಶಾಂತಕುಮಾರಿ ಒಂಬತ್ತು ವರ್ಷದಿಂದ ದಿನಾ ಎತ್ತಿದ್ದಾಳೆ, ಇಟ್ಟಿದ್ದಾಳೆ. ಕರೆಂಟಿನವನು ಏನೋ ಗೀಚಿಕೊಂಡಿದ್ದಾನೆ ಅಂದುಕೊಂಡಿದ್ದಳೇ ಹೊರತು ಇನ್ನೇನೂ ಅಲ್ಲ.

ಕರೆಂಟಿನವನ ಹೆಸರು ಅಮೀರ್ ಜಾನ್. ಆಗ ಶಾಂತಕುಮಾರಿಯ ಚಟ್ನಿಪುಡಿ ಕೆಲಸ ನಡೆಯುತ್ತಿದ್ದದ್ದು ಕರೂರು ಕೈಗಾರಿಕಾ ಪ್ರದೇಶದ ಒಂದು ಬಾಡಿಗೆ ಶೆಡ್ಡಿನಲ್ಲಿ. ಸಿಲಿಂಡರ್ ಇಡಬಾರದು ಅಂತ ಶೆಡ್ಡಿನ ಮಾಲೀಕ ಕಟ್ಟುನಿಟ್ಟು ಮಾಡಿದ್ದರಿಂದ ಎರಡು ಸಾವಿರ ವ್ಯಾಟಿನ ಕಾಯಿಲ್ ಒಲೆಯ ಮೇಲೆ ಶೇಂಗಾ ಹುರಿಯುತ್ತಿದ್ದರು. ಸುತ್ತಲಿನ ಹದಿನಾಲ್ಕು ಶೆಡ್ಡುಗಳಿಗೆ ಅಮೀರ್ ಜಾನನೇ ಎಲೆಕ್ಟ್ರಿಷಿಯನ್. ಮಾತು ಕಮ್ಮಿ, ಕೆಲಸ ಚೊಕ್ಕ. ಪ್ರತಿ ತಿಂಗಳ ಮೊದಲ ವಾರ ಬಂದು ತಂತಿಗೆ ಮೀಟರ್ ಹಿಡಿದು, ಎಷ್ಟು ವೋಲ್ಟು ಎಷ್ಟು ಆಂಪ್ಸು ಅಂತ ಬೋರ್ಡಿನ ಮರದ ಮುಚ್ಚಳದ ಒಳಗೆ ಬರೆದಿಡುವುದು ಅವನ ಪದ್ಧತಿ. "ಜ್ವರ ನೋಡಿದಂಗೆ ಅಕ್ಕಾ. ಮುಂದಿನ ಸಲ ಬಂದಾಗ ಜಾಸ್ತಿ ಆಗೈತೋ ಕಮ್ಮಿ ಆಗೈತೋ ಗೊತ್ತಾಗ್ಬೇಕಲ್ಲ" ಎನ್ನುತ್ತಿದ್ದ.

ಆ ವರ್ಷ ಫೆಬ್ರವರಿ ಕಳೆಯುವುದರೊಳಗೆ ಒಲೆಯ ಕಾಯಿಲ್ ತುಂಡಾಯಿತು. ಶಾಂತಕುಮಾರಿ ಎಸೆಯುವವಳೇ? ಸುಟ್ಟು ಪೆಡಸಾಗಿದ್ದ ತುದಿಗಳನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಿ ಬಿಸಾಕಿ, ಉಳಿದದ್ದನ್ನು ಎಳೆದು, ಒಂದಕ್ಕೊಂದು ಹೊಸೆದು ಜೋಡಿಸಿದಳು. ಒಲೆ ಕೆಂಪಗೆ ಕಾಯಿತು. ಮುಂದಿನ ತಿಂಗಳು ಮತ್ತೆ ತುಂಡಾಯಿತು, ಮತ್ತೆ ಜೋಡಿಸಿದಳು. ಹೀಗೆ ನಾಲ್ಕು ಸಲ. ಮೊದಲು ಒಂದು ಬಾಣಲೆ ಶೇಂಗಾ ಹುರಿಯಲು ಹನ್ನೆರಡು ನಿಮಿಷ ಹಿಡಿಯುತ್ತಿತ್ತು. ನಾಲ್ಕನೇ ಸಲ ಜೋಡಿಸಿದ ಮೇಲೆ ಎಂಟೇ ನಿಮಿಷ ಸಾಕಾಯಿತು. "ನನ್ನ ಕೈಗುಣ ನೋಡೇ ಕರಿಯವ್ವ, ಹೊಸ ಕಾಯಿಲ್‌ಗಿಂತ ಚೆನ್ನಾಗಿ ಕಾಯ್ತೈತೆ!" ಅಂತ ಆಕೆ ಶೆಡ್ಡಿನ ತುಂಬ ಹೇಳಿಕೊಂಡು ಬಂದಳು.

ಮೇ ತಿಂಗಳಲ್ಲಿ ಅಮೀರ್ ಜಾನ್ ಮೀಟರ್ ಹಿಡಿದವನು ಹುಬ್ಬು ಗಂಟಿಕ್ಕಿದ. "ಅಕ್ಕಾ, ಕಾಯಿಲ್ ಏನಾರ ಮುಟ್ಟೀರಾ?"

"ಇಲ್ಲಪ್ಪ. ಯಾಕ?"

"ಆಂಪ್ಸು ಏರ್ತಾ ಐತೆ. ತುಂಡಾಗಿದ್ದನ್ನ ಜೋಡಿಸಿದ್ರೆ ಹಿಂಗಾಗ್ತೈತೆ. ಜೋಡಿಸಿಲ್ಲ ತಾನೆ?"

"ನಾನ್ಯಾಕೆ ಜೋಡಿಸ್ಲಿ? ಮೊದ್ಲಿಂದು ಹಂಗೇ ಐತೆ" ಅಂದಳು ಶಾಂತಕುಮಾರಿ. ಜುಗ್ಗಿ ಅಂದುಕೊಂಡಾನು ಅನ್ನುವ ನಾಚಿಕೆ, ಅಷ್ಟೇ. ತಂತಿ ಗಿಡ್ಡವಾದರೆ ಕರೆಂಟೂ ಕಮ್ಮಿಯೇ ಎಳೆಯುತ್ತದೆ, ಇವನು ಏನೋ ಹೇಳುತ್ತಾನೆ ಅಂತ ಆಕೆಯ ನಂಬಿಕೆ. ಒಂದು ಸಣ್ಣ ಸುಳ್ಳು ಯಾರ ಮೈಗೂ ತಾಗದು ಅಂದುಕೊಂಡಳು.

ಅಮೀರ್ ಜಾನ್ ಆ ಮಾತು ನಂಬಿದ. ಹಾಗಾದರೆ ತನ್ನ ವೈರಿಂಗಿನಲ್ಲೇ ಏನೋ ದೋಷವಿದೆ ಅಂತ ಮುಂದಿನ ತಿಂಗಳು ಬಂದು ಪ್ಲಗ್ಗಿನ ಪಾಯಿಂಟ್ ಬಿಚ್ಚಿ ಹೊಸದು ಹಾಕಿದ. ಆಗ ರಂಜಾನ್ ತಿಂಗಳು. ಕೆಲಸ ಮುಗಿಯುವ ಹೊತ್ತಿಗೆ ರೋಜಾದ ಉಪವಾಸ ಬಿಡುವ ಸಮಯವಾಗಿತ್ತು, ಅವಸರದಲ್ಲಿ ಸೈಕಲ್ ಹತ್ತಿದ. ಮಾರನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಬೋರ್ಡಿನಿಂದ ವಾಸನೆ ಬಂತು, ಹೊಗೆ ಬಂತು. ಸ್ವಿಚ್ ಆರಿಸೋಣ ಅಂತ ಕರಿಯವ್ವ ಓಡಿ ಕೈಹಾಕಿದ್ದೇ ತಡ, ಭಗ್ ಅಂತ ಉರಿ ಎದ್ದಿತು. ಬಲಗೈ ಅಂಗೈಯಿಂದ ಮೊಣಕೈವರೆಗೆ ಸುಟ್ಟುಹೋಯಿತು. ಮೂರು ಬೆರಳು ಇವತ್ತಿಗೂ ಮಡಚುವುದಿಲ್ಲ.

ನೋಡಲು ಬಂದ ಬೇರೆ ಯಾವನೋ ವೈರ್‌ಮನ್ ಕರಕಲಾದ ಬೋರ್ಡಿನಲ್ಲಿ ಕೋಲಾಡಿಸಿ, "ಸ್ಕ್ರೂ ಲೂಸ್ ಇದ್ದಿರಬೇಕು" ಅಂದ. ಶಾಂತಕುಮಾರಿಗೆ ಅಷ್ಟು ಸಾಕಾಯಿತು. ಹದಿನಾಲ್ಕೂ ಶೆಡ್ಡಿನ ಜನ ಸೇರಿದ್ದರು. ಓಡೋಡಿ ಬಂದ ಅಮೀರ್ ಜಾನ್ "ಬಿಗಿ ಮಾಡಿದ್ದೆ ಅಕ್ಕಾ" ಅಂತ ಮೆಲ್ಲಗೆ ಅಂದದ್ದು ಆಕೆಯ ಕೂಗಿನಲ್ಲಿ ಯಾರಿಗೂ ಕೇಳಿಸಲಿಲ್ಲ. "ರೋಜಾ ಬಿಡೋ ಅವಸರದಾಗೆ ಅರ್ಧಂಬರ್ಧ ಮಾಡಿ ಓಡಿ ಹೋದ್ಯಲ್ಲೋ! ಈಕಿ ಕೈ ನೋಡು! ಯಾರು ಕೊಡ್ತಾರೆ ಈ ಕೈನ?" ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಳು ಮಹಾತಾಯಿ! ಒಂದು ತಿಂಗಳೊಳಗೆ ಹದಿನಾಲ್ಕು ಶೆಡ್ಡಿನವರೂ ಬೇರೆ ಎಲೆಕ್ಟ್ರಿಷಿಯನ್ ಹುಡುಕಿಕೊಂಡರು. ಅಮೀರ್ ಜಾನ್ ಹೆಂಡತಿಯನ್ನು ಕರೆದುಕೊಂಡು ಹರಿಹರಕ್ಕೆ ಹೋದನಂತೆ ಅಂತ ಸುದ್ದಿ ಬಂತು. ಆಸ್ಪತ್ರೆಯಿಂದ ಬಂದ ಕರಿಯವ್ವ ಅವನು ಬಿಟ್ಟುಹೋದ ಮನೆಯ ಮುಂದೆ ನಿಂತು, ಎಡಗೈಯಲ್ಲಿ ಹಿಡಿಮಣ್ಣು ತೂರಿ, "ನನ್ನ ಕೈ ತಿಂದೋನ ಕೈ ಸೇದಿಹೋಗ್ಲಿ, ಕೆಲ್ಸಕ್ಕೆ ಬಾರದಂಗಾಗ್ಲಿ" ಅಂತ ಶಾಪ ಹಾಕಿ ಬಂದಳು. ಆಸ್ಪತ್ರೆಯ ಖರ್ಚನ್ನು ಶಾಂತಕುಮಾರಿಯೇ ನೋಡಿಕೊಂಡಳು. ಅದಕ್ಕೆ ಕರಿಯವ್ವ ಆಕೆಯನ್ನು ದೇವರು ಅನ್ನುತ್ತಿದ್ದಳು.

"ಅಜ್ಜಿ, ಎಲ್ಲಿದೀಯ? ಲೆಕ್ಕ ಹಾಕೋಣ್ವಾ?" ಅಂಕಿತಾ ಆಗಲೇ ನೋಟ್‌ಬುಕ್ ಬಿಡಿಸಿಕೊಂಡಿದ್ದಳು. "ಫೆಬ್ರವರಿ. ಇನ್ನೂರ ಮೂವತ್ತು ಭಾಗಿಸು ಎಂಟು ಪಾಯಿಂಟ್ ಏಳು, ಇಪ್ಪತ್ತಾರು ಪಾಯಿಂಟ್ ನಾಲ್ಕು ಓಮ್. ಗುಣಿಸಿದ್ರೆ ಎರಡು ಸಾವಿರದ ಒಂದು ವ್ಯಾಟ್. ಇದೂ ಯಾವ್ದೋ ಎರಡು ಸಾವಿರ ವ್ಯಾಟಿನ ಒಲೆದೇ ಇರ್ಬೇಕು. ಏಪ್ರಿಲ್‌ನಾಗೆ ಇಪ್ಪತ್ತೊಂದೂವರೆ ಓಮ್‌ಗೆ ಇಳೀತು, ವ್ಯಾಟು ಎರಡು ಸಾವಿರದ ಮುನ್ನೂರ ಎಪ್ಪತ್ಮೂರಕ್ಕೆ ಏರ್ತು. ಜೂನ್‌ನಾಗೆ ನೋಡು! ಹದಿನಾರು ಪಾಯಿಂಟ್ ಎಂಟು ಓಮ್. ಎರಡು ಸಾವಿರದ ಒಂಬೈನೂರ ಮೂವತ್ತು ವ್ಯಾಟ್!" ಪೆನ್ನಿನ ತುದಿ ಕಚ್ಚಿಕೊಂಡು ಹುಡುಗಿ ನಕ್ಕಳು. "ಯಾರೋ ತಿಂಗಳ ತಿಂಗಳ ಕಾಯಿಲ್ ಕತ್ತರಿಸ್ತಾ ಹೋಗಿದಾರೆ ಅಜ್ಜಿ."

ಶಾಂತಕುಮಾರಿ ಹಲಗೆಯನ್ನು ತನ್ನ ಕಡೆ ಎಳೆದುಕೊಂಡಳು. ಹನ್ನೆರಡು ನಿಮಿಷ ಎಂಟಕ್ಕೆ ಇಳಿದದ್ದು ಕೈಗುಣವಲ್ಲ. ಒಲೆ ಬಾಯಿಬಿಟ್ಟು ಹೇಳಿತ್ತು, ಅಮೀರ್ ಜಾನ್ ಬಾಯಿಬಿಟ್ಟು ಕೇಳಿದ್ದ. ತಾನು ಹಿಗ್ಗಿದ್ದಳು, ಸುಳ್ಳು ಹೇಳಿದ್ದಳು.

"ಅಂಕಿತಾ, ಈ ಐದೂ ಲೆಕ್ಕಾನ ಒಂದು ಹಾಳ್ಯಾಗೆ ಬರ್ದು ಕೊಡು. ದುಂಡಗೆ ಬರಿ."

"ಯಾಕಜ್ಜಿ?"

"ಬರಿ ಅಂದ್ರೆ ಬರಿ."

ಬರೆಸಿಕೊಂಡಳೇ ಹೊರತು ಎರಡು ದಿನ ಆಕೆ ಏನೂ ಮಾಡಲಿಲ್ಲ. ಆ ಹಲಗೆಯನ್ನು ನೀರೊಲೆಗೆ ತುರುಕಿದರೆ ಮುಗಿಯಿತು, ಯಾರಿಗೆ ಗೊತ್ತಾಗುತ್ತದೆ ಅನ್ನುವ ಯೋಚನೆ ಬಂತು. ಬರಲಿಲ್ಲ ಅಂತ ಸುಳ್ಳು ಯಾಕೆ ಹೇಳುವುದು? ಒಮ್ಮೆ ನೀರೊಲೆಯ ತನಕ ಒಯ್ದೂ ಒಯ್ದಳು. ಆದರೆ ಬೆಳಗ್ಗೆ ಕರಿಯವ್ವ ಬಂದು, ಎಡಗೈಯಲ್ಲಿ ಗ್ಯಾಸ್ ಒಲೆ ಹಚ್ಚುತ್ತಾ ಎಂದಿನಂತೆ "ಆ ಕರೆಂಟಿನೋನ ಕೈ ಸೇದಿಹೋಗ್ಲಿ" ಅಂತ ಗೊಣಗಿದಳು. ಒಂಬತ್ತು ವರ್ಷದಿಂದ ಅದು ಆಕೆಗೆ ದೇವರ ಹೆಸರು ಹೇಳಿದಷ್ಟೇ ರೂಢಿ. ಶಾಂತಕುಮಾರಿಯ ಕಿವಿಗೆ ಮಾತ್ರ ಅದು ಅವತ್ತೇ ಹೊಸದಾಗಿ ಬಿತ್ತು. ಮೂರನೇ ದಿನ ಮಧ್ಯಾಹ್ನ ಹಲಗೆಯನ್ನು ಹಳೇ ಟವಲಿನಲ್ಲಿ ಸುತ್ತಿ, ಹಾಳೆಯನ್ನು ಅದರೊಳಗಿಟ್ಟು, ಹರಿಹರದ ಬಸ್ಸು ಹತ್ತಿದಳು.

ಹರಿಹರದಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಕೇಳುತ್ತ ಹೋದರೆ "ನುಜತ್ ಲೇಡೀಸ್ ಟೈಲರ್" ಅಂತ ಬೋರ್ಡಿದ್ದ ಮನೆ ತೋರಿಸಿದರು. ಬಾಗಿಲಲ್ಲೇ ಅಮೀರ್ ಜಾನನ ಹೆಂಡತಿ ನುಜತ್ ಕಾಲಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದಳು. ಒಳಗೆ ಕಿಟಕಿಯ ಬೆಳಕಿಗೆ ಕೂತು ಒಬ್ಬ ಗಂಡಸು ರವಿಕೆಗೆ ಹುಕ್ಕು ಹಚ್ಚುತ್ತಿದ್ದ. ಗಡ್ಡ ನೆರೆತಿತ್ತು. ಶಾಂತಕುಮಾರಿ ಮೊದಲು ನೋಡಿದ್ದು ಅವನ ಕೈಗಳನ್ನು. ಎರಡೂ ಚೆನ್ನಾಗೇ ಇದ್ದವು. ಕರಿಯವ್ವನ ಶಾಪ ತಟ್ಟಿಲ್ಲ ಅಂದುಕೊಂಡಳು.

"ಅಕ್ಕಾ?" ಅವನು ಸೂಜಿ ಹಿಡಿದುಕೊಂಡೇ ಎದ್ದು ನಿಂತ. "ಬರ್ರಿ. ಒಳಗೆ ಬರ್ರಿ, ಕೂಡ್ರಿ."

ಅಯ್ಯೋ ಶಿವನೇ, ಅವನು ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಮತ್ತೆ ರಂಜಾನ್ ತಿಂಗಳೇ ನಡೆದಿತ್ತು, ಇಬ್ಬರಿಗೂ ರೋಜಾ. ಆದರೂ ನುಜತ್ ಬಂದವರಿಗೆ ಅಂತ ಒಂದು ಲೋಟ ನೀರು ತಂದಿಟ್ಟು ಮತ್ತೆ ಮಿಷನ್ನಿಗೆ ಹೋಗಿ ಕೂತಳು. ಶಾಂತಕುಮಾರಿ ನೀರು ಮುಟ್ಟಲಿಲ್ಲ. ಟವಲು ಬಿಚ್ಚಿ ಹಲಗೆಯನ್ನು ಅವನ ಮುಂದಿಟ್ಟಳು, ಹಾಳೆಯನ್ನು ಅದರ ಮೇಲಿಟ್ಟಳು.

ಅಮೀರ್ ಜಾನ್ ತನ್ನದೇ ಕೈಬರಹವನ್ನು ಗುರುತು ಹಿಡಿದ. ಐದೂ ಸಾಲಿನ ಮೇಲೆ ಬೆರಳಾಡಿಸಿದ. ಆಮೇಲೆ ಹಾಳೆ ಎತ್ತಿಕೊಂಡು ಅಂಕಿತಾಳ ಲೆಕ್ಕ ಓದಿದ. ಮೇಲಿಂದ ಕೆಳಕ್ಕೆ, ಮತ್ತೆ ಮೇಲಿಂದ ಕೆಳಕ್ಕೆ.

"ಕಾಯಿಲ್ ಎಷ್ಟು ಸಲ ಜೋಡಿಸಿದ್ರಿ ಅಕ್ಕಾ?"

"ನಾಕು."

"ಪ್ರತಿ ಸಲಾನೂ ತುದಿ ಕತ್ತರಿಸಿ?"

"ಹೂಂ. ಸುಟ್ಟಿದ್ದು ನಿಲ್ತಿರ್ಲಿಲ್ಲ. ಕತ್ತರಿಸಿ ಎಳೆದು ಹೊಸೀತಿದ್ದೆ."

"ನಾನು ಹಾಕಿದ್ದ ವೈರು ಹತ್ತು ಆಂಪ್ಸಿಗೆ ಆರಾಮಾಗಿತ್ತು. ಹದಿಮೂರು ಆಂಪ್ಸು ದಿನಾ ಎಂಟು ತಾಸು ಎಳೆದ್ರೆ ಬೇಯ್ತೈತೆ." ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ತಟ್ಟನೆ ತಲೆಯೆತ್ತಿದ. "ಆದ್ರೆ ಫ್ಯೂಸ್ ಹೋಗ್ಬೇಕಿತ್ತಲ್ಲ? ಫ್ಯೂಸ್ ಯಾಕೆ ಹೋಗ್ಲಿಲ್ಲ?"

ಈ ಪ್ರಶ್ನೆಗೆ ಶಾಂತಕುಮಾರಿ ತಯಾರಿರಲಿಲ್ಲ. ಅದನ್ನು ಆಕೆ ಮರೆತೇಬಿಟ್ಟಿದ್ದಳು. ಅಥವಾ ಮರೆತಿದ್ದೇನೆ ಅಂದುಕೊಂಡಿದ್ದಳು.

"ಮೇ ತಿಂಗಳಾಗೆ ಎರಡು ಸಲ ಹೋತು" ಅಂದಳು. "ಪದೇ ಪದೇ ಯಾಕೆ ಹೋಗ್ಬೇಕು ಅಂತ ನಾನೇ ಮೂರು ಎಳೆ ತಂತಿ ಹಾಕಿದ್ದೆ. ಅಮೀರ್ ಜಾನ್, ನಿಂದೇನೂ ತಪ್ಪಿರ್ಲಿಲ್ಲ. ಎಲ್ಲಾ ನಂದೇ. ನೀನು ಕೇಳಿದಾಗ ಸುಳ್ಳು ಹೇಳ್ದೆ. ನಾಕು ಜನದ ಮುಂದೆ ನಿನ್ನ ಮರ್ಯಾದೆ ತೆಗ್ದೆ. ನನಗೆ ಗೊತ್ತಿರ್ಲಿಲ್ಲ ಅಂತ ಹೇಳಾಕೂ ಬಾಯಿಲ್ಲ ನನಗೆ."

ಮಿಷನ್ನಿನ ಸದ್ದು ನಿಂತಿತು. ನುಜತ್ ಬಂದು ಬಾಗಿಲಿಗೆ ಒರಗಿ ನಿಂತಳು. ಆಕೆಯ ಕಣ್ಣು ಕೆಂಪಾಗಿತ್ತು, ಮಾತು ಮಾತ್ರ ತಣ್ಣಗಿತ್ತು.

"ಬೆಂಕಿ ಬಿದ್ದ ದಿನ ಮನೆಗೆ ಬಂದು ಇವರು ಅಂದಿದ್ರು, ಕಾಯಿಲ್ ಜೋಡಿಸಿರಬೇಕು ಅಂತ. ಹೋಗಿ ಎಲ್ಲರ ಮುಂದೆ ಹೇಳ್ರಿ ಅಂದೆ ನಾನು. ಆಮ್ಯಾಲೆ ಇವರೇ ಅಂದ್ರು, ಇಲ್ಲ ನುಜತ್, ನಾನು ಕೇಳೀನಿ, ಶಾಂತಕ್ಕ ಸುಳ್ಳು ಹೇಳೋಳಲ್ಲ ಅಂತ. ನಾನೇ ಸ್ಕ್ರೂ ಬಿಗಿ ಮಾಡೋದು ಮರ್ತೀನೇನೋ ಅಂತ. ರಾತ್ರಿ ಎದ್ದು ಕೂತು ಕೈ ತಿರುವಿ ತಿರುವಿ ನೋಡ್ಕೊಳ್ಳೋರು, ಮೂರು ಸುತ್ತು ತಿರುವಿದ್ನೋ ಎರಡೋ ಅಂತ. ಈ ಮಿಷನ್ನಿಗೆ ಒಂದು ಮೋಟರ್ ಹಾಕಿ ಕೊಡ್ರಿ, ಮೊಣಕಾಲು ನೋಯ್ತೈತೆ ಅಂದ್ರೂ ಹಾಕ್ಲಿಲ್ಲ. ಬಲ್ಬ್ ಹೋದ್ರೆ ಪಕ್ಕದ ಮನೆ ಮಂಜುನಾಥನ್ನ ಕರೀತೀವಿ ಅಕ್ಕಾ. ಎಲೆಕ್ಟ್ರಿಷಿಯನ್ ಮನ್ಯಾಗೆ ಬಲ್ಬ್ ಹಾಕಾಕೆ ಪಕ್ಕದ ಮನೆಯೋರು ಬರ್ಬೇಕು."

ಕುಂಬಳಕಾಯಿ ಕಳ್ಳ ಅಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಇಲ್ಲಿ ಕದಿಯದವನು ಒಂಬತ್ತು ವರ್ಷ ಹೆಗಲು ಒರೆಸಿಕೊಂಡು ಕೂತಿದ್ದ, ಕದ್ದವಳು ನಿಶ್ಚಿಂತೆಯಿಂದ ಚಟ್ನಿಪುಡಿ ಕುಟ್ಟಿಸುತ್ತಿದ್ದಳು. ಶಾಂತಕುಮಾರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಊರ ಜನ ಅವನ ಕೈಬಿಟ್ಟದ್ದಷ್ಟೇ ಆಕೆಗೆ ಗೊತ್ತಿತ್ತು. 'ಶಾಂತಕ್ಕ ಸುಳ್ಳು ಹೇಳೋಳಲ್ಲ' ಅಂತ ನಂಬಿ ಅವನು ತನ್ನ ಕೈಯನ್ನೇ ನಂಬದೆ ಹೋಗಿದ್ದ. ಅದಕ್ಕೆ ಎಲ್ಲಿಂದ ಹೊಲಿಗೆ ಹಾಕುವುದು?

ಅಮೀರ್ ಜಾನ್ ಆಕೆಯ ಅಳು ಕೇಳಿಸಿಕೊಂಡಂತೆಯೂ ಕಾಣಲಿಲ್ಲ. ಅವನ ಬಲಗೈ ಗಾಳಿಯಲ್ಲೇ ಸ್ಕ್ರೂ ಡ್ರೈವರ್ ಹಿಡಿದಂತೆ ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ತಿರುಗಿತು.

"ಹಂಗಾದ್ರೆ ನಾನು ಬಿಗಿ ಮಾಡಿದ್ದೆ" ಅಂದ, ಹೆಂಡತಿಯ ಕಡೆ ನೋಡಿ. "ನುಜತ್, ಬಿಗಿ ಮಾಡಿದ್ದೆ."

"ಹೌದ್ರಿ" ಅಂದಳು ನುಜತ್.

ಶಾಂತಕುಮಾರಿ ಕಣ್ಣೊರೆಸಿಕೊಂಡು ಅಂದಳು, "ಕರೂರಿನ ಎಲ್ಲಾ ಶೆಡ್ಡಿಗೂ ನಾನೇ ಹೋಗಿ ಹೇಳ್ತೀನಿ. ಒಬ್ಬೊಬ್ಬರ ಬಾಗಿಲಿಗೂ ಹೋಗ್ತೀನಿ. ನೀನು ವಾಪಸ್ ಬಾ."

"ಅವಾಗಿನೋರು ಯಾರದಾರೆ ಅಲ್ಲಿ ಈಗ? ಶೆಡ್ಡು ಎಷ್ಟು ಕೈ ಬದಲಾಗ್ಯಾವೋ." ಅವನು ಹಲಗೆಯನ್ನು ಮತ್ತೆ ಟವಲಿನಲ್ಲಿ ಸುತ್ತತೊಡಗಿದ. ಸುತ್ತುತ್ತಾ ಕೇಳಿದ, "ಕರಿಯವ್ವ ಹೆಂಗದಾಳೆ? ಇನ್ನೂ ನಿಮ್ಮ ಹತ್ರಾನೇ ಕೆಲ್ಸ ಮಾಡ್ತಾಳಾ?"

"ಹೂಂ."

"ಆಕಿಗೆ ಹೇಳಿದ್ರಾ?"

ಶಾಂತಕುಮಾರಿ ಹೇಳಿರಲಿಲ್ಲ. ಹರಿಹರಕ್ಕೆ ಬಸ್ಸು ಹತ್ತಿ ಬರುವ ಧೈರ್ಯವಿತ್ತು. ದಿನಾ ಎದುರಿಗೆ ಕೂತು ದೇವರು ಅನ್ನುವವಳಿಗೆ ಹೇಳುವ ಧೈರ್ಯ ಇರಲಿಲ್ಲ.

ಅಮೀರ್ ಜಾನ್ ಹಲಗೆಯನ್ನು ಆಕೆಯ ಮಡಿಲಿಗೆ ಇಟ್ಟ. "ಮೊದ್ಲು ಆಕಿಗೆ ಹೇಳ್ರಿ. ಆಕಿ ಕೈ ಹೋಗಿರೋದು. ಓದಾಕೆ ಬರಲ್ಲ ಆಕಿಗೆ, ನೀವೇ ಓದಿ ಹೇಳ್ರಿ." ಕ್ಷಮಿಸಿದೆ ಅನ್ನಲಿಲ್ಲ, ಕ್ಷಮಿಸಲಾರೆ ಅಂತಲೂ ಅನ್ನಲಿಲ್ಲ. ಅಂಕಿತಾ ಬರೆದ ಹಾಳೆಯನ್ನು ಮಾತ್ರ ಮಡಚಿ ತನ್ನ ಜೇಬಿಗೆ ಹಾಕಿಕೊಂಡ.

ಮಾರನೇ ದಿನ ಬೆಳಗ್ಗೆ ಎಂಟೂವರೆಗೆ ಕರಿಯವ್ವ ಬಂದಳು. ಬಾಣಲೆಗೆ ಶೇಂಗಾ ಸುರಿದಳು, ಎಡಗೈಯಲ್ಲಿ ಒಲೆ ಹಚ್ಚಿದಳು, ಬಾಯಿ ತೆರೆದಳು.

"ಬ್ಯಾಡ ಕರಿಯವ್ವ" ಅಂದಳು ಶಾಂತಕುಮಾರಿ. "ಇವತ್ತು ಆ ಮಾತು ಆಡಬ್ಯಾಡ. ಇಲ್ಲಿ ಬಾ, ಕೂಡು."

ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಸಾಲು ಓದಿದಳು. ಫೆಬ್ರವರಿಯಲ್ಲಿ ಮೊದಲ ಸಲ ಕತ್ತರಿಸಿದ್ದು, ಮಾರ್ಚಿನಲ್ಲಿ ಕತ್ತರಿಸಿದ್ದು, ಶೇಂಗಾ ಬೇಗ ಹುರಿದದ್ದಕ್ಕೆ ತಾನು ಹಿಗ್ಗಿದ್ದು, ಫ್ಯೂಸಿಗೆ ಮೂರು ಎಳೆ ಹಾಕಿದ್ದು, ಕೇಳಿದವನಿಗೆ ಸುಳ್ಳು ಹೇಳಿದ್ದು, ಹಿಂದಿನ ದಿನ ಹರಿಹರದ ಟೈಲರ್ ಮನೆಯಲ್ಲಿ ಅವನನ್ನು ಕಂಡದ್ದು, ಎಲ್ಲ ಹೇಳಿದಳು. ತನಗೇ ಅನುಕೂಲವಾಗುವಂಥ ಮಾತು ಒಂದೂ ಸೇರಿಸಲಿಲ್ಲ. ಕರಿಯವ್ವ ಮಡಚದ ಬೆರಳುಗಳ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೇಳಿದಳು. ಬೈಯುತ್ತಾಳೆ ಅಂತ ಶಾಂತಕುಮಾರಿ ಕಾದಳು. ಬೈಯಲಿ, ಮಣ್ಣು ತೂರಲಿ, ಮುಖಕ್ಕೇ ತೂರಲಿ ಅಂತ ಕಾದಳು.

ಕರಿಯವ್ವ ಕೇಳಿದ್ದು ಬೇರೆಯೇ.

"ಆ ಮನುಷ್ಯನ ಕೈ ಹೆಂಗದಾವೆ ಅಕ್ಕಾರೆ?"

"ಚೆನ್ನಾಗದಾವೆ."

"ಕೆಲ್ಸ ಮಾಡ್ತಾನಾ?"

ಇಲ್ಲಿ ಒಂದು ಸುಳ್ಳು ಹೇಳಿಬಿಡಬಹುದಿತ್ತು. ಇನ್ನೂ ಒಂದು ಸಣ್ಣ ಸುಳ್ಳು. ಶಾಂತಕುಮಾರಿ ಹೇಳಲಿಲ್ಲ.

"ಹೆಂಡ್ತಿ ಹೊಲಿದ ರವಿಕೆಗೆ ಹುಕ್ಕು ಹಚ್ತಾನೆ. ಕರೆಂಟಿನ ಕೆಲ್ಸ ಬಿಟ್ಟಾನೆ. ಕೈ ಮ್ಯಾಲೆ ನಂಬಿಕಿ ಹೋತಂತೆ. ಮನೆ ಬಲ್ಬನ್ನೂ ಮುಟ್ಟಲ್ಲಂತೆ."

ಕರಿಯವ್ವ ಮೆಲ್ಲಗೆ ತಲೆಯಾಡಿಸಿದಳು. "ಹಂಗಾದ್ರೆ ನನ್ನ ಶಾಪ ತಟ್ಟೇತೆ."

ಆಕೆ ಎದ್ದಳು. ನೀರಿನ ತೊಟ್ಟಿಯ ಹತ್ತಿರ ಹೋಗಿ ಎಡಗೈಯನ್ನು, ಒಂಬತ್ತು ವರ್ಷದ ಹಿಂದೆ ಮಣ್ಣು ತೂರಿದ್ದ ಕೈಯನ್ನು, ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದುಕೊಂಡಳು. ಸೆರಗಿಗೆ ಒರೆಸಿಕೊಂಡು, ಗೂಟಕ್ಕೆ ಹಾಕಿದ್ದ ತನ್ನ ಚೀಲ ತೆಗೆದುಕೊಂಡಳು.

"ಹರಿಹರದ ಬಸ್ಸು ಎಷ್ಟೊತ್ತಿಗೈತೆ ಅಕ್ಕಾರೆ? ನನ್ನ ಶಾಪ ನಾನೇ ಹಿಂದಕ್ಕೆ ತಗೋಬೇಕು."

"ಹತ್ತು ನಿಮಿಷಕ್ಕೊಂದು ಐತೆ. ತಡಿ, ಸೀರೆ ಬದಲಾಯಿಸ್ತೀನಿ, ಇಬ್ರೂ ಹೋಗಣ."

"ನೀವು ಬರಬ್ಯಾಡ್ರಿ" ಅಂದಳು ಕರಿಯವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹಿತ್ತಿಲ ಬಾಗಿಲು ದಾಟಿದವಳು ತಿರುಗಿ ನೋಡಲಿಲ್ಲ. ಶಾಂತಕುಮಾರಿ ಹಲಗೆಯನ್ನು ಎದೆಗೊತ್ತಿಕೊಂಡು ಅಲ್ಲೇ ಕೂತಿದ್ದಳು, ಬಾಣಲೆಯ ಶೇಂಗಾ ಸೀದ ವಾಸನೆ ಬಂದರೂ ಏಳಲಿಲ್ಲ.